ಯಾರದೋ ಕಾಲೇಜು, ನಮ್ಮ ನಿದ್ದೆ

ಮಾರ್ಚ್ ಮೂರನೆಯ ವಾರದ ಒಂದು ಶನಿವಾರ. ಗಿಂಡಿ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದಾದ ಒಂದು ಹಳೆಯ ಅಪಾರ್ಟ್‌ಮೆಂಟು, ಎರಡನೆಯ ಮಹಡಿ, ಮಧ್ಯಾಹ್ನ ಮೂರು ಗಂಟೆ. ಮನೆಯವನು ಮೈಸೂರಿನವನು. ಇಲ್ಲಿನ ಕೈಗಾರಿಕಾ ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತೆಂದು ಬಂದವನು, ಮದರಾಸು ಚೆನ್ನೈ ಆದಮೇಲೂ ಇಲ್ಲೇ ಉಳಿದ. ಬಂದವನು ಅವನ ಕಾಲೇಜಿನ ಗೆಳೆಯ, ಬ್ಯಾಂಕಿನಿಂದ ನಿವೃತ್ತನಾದವನು. ನಿನ್ನೆ ಸಂಜೆ ವಂದೇ ಭಾರತ್ ರೈಲಿನಲ್ಲಿ ಬಂದಿಳಿದ. ಕೈಯಲ್ಲಿ ಒಂದು ಕಟ್ಟು ವೀಳ್ಯದೆಲೆ, ಎರಡು ಡಬ್ಬ ಕೋಡುಬಳೆ, ಒಂದು ಲ್ಯಾಪ್‌ಟಾಪು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಮೊದಲ ಸುತ್ತು ನಮ್ಮ ಗಡಿಯಾರದ ಪ್ರಕಾರ ರಾತ್ರಿ 9:45ಕ್ಕೆ ಶುರುವಾಗಿ ಬೆಳಿಗ್ಗೆ ಹತ್ತರ ತನಕ ನಡೆಯುತ್ತದೆ. ಒಂದೇ ದಿನ 16 ಆಟ. ಅತಿಥಿ ಊಟಕ್ಕೆ ಎದ್ದಿದ್ದೇ ದೊಡ್ಡದು.

ಮನೆಯವನು: ಕಾಫಿ ಎರಡು ಸಲ ಬಿಸಿ ಮಾಡಿದ್ದಾಯ್ತು. ಇನ್ನೊಂದು ಸಲ ಮಾಡಿದರೆ ಕಷಾಯ.

ಬಂದವನು: ಕಷಾಯಾನೇ ಕೊಡು. ಒಳ್ಳೇ ಹೊತ್ತಿಗೆ ಹೋಗಿ ಮಲಗಿಬಿಟ್ಟೆ ನೀನು. ಕೊನೇ ಆಟದಲ್ಲಿ ಹಿಂದೆ ಬಿದ್ದಿದ್ದೋರು ಎದ್ದು ಬಂದು ಗೆದ್ದರು.

ಮನೆಯವನು: ಯಾರು ಅವರು?

ಬಂದವನು: ಹೆಸರು ಹೇಳಿದರೆ ನಿನಗೆ ಗೊತ್ತಾಗುತ್ತಾ?

ಮನೆಯವನು: ನಿನಗೆ ಮೊನ್ನೆ ತನಕ ಗೊತ್ತಿತ್ತಾ? ನಾನು ಕೇಳ್ತಿರೋದು ಅದೇ. ಯಾವ ರಾಜ್ಯದಲ್ಲಿದೆ ಅಂತ ಭೂಪಟದಲ್ಲಿ ಬೆರಳಿಟ್ಟು ತೋರಿಸೋಕೆ ಬರಲ್ಲ, ಅಂಥ ಕಾಲೇಜಿಗೋಸ್ಕರ ರಾತ್ರಿ ಎರಡು ಗಂಟೆಗೆ ತೊಡೆ ತಟ್ಟಿಕೊಂಡು ಕೂಗ್ತೀಯ. ಪಕ್ಕದ ಮನೆ ತಾತ ಬೆಳಿಗ್ಗೆ ಬಂದು, ಯಾರಿಗಾದ್ರೂ ಹುಷಾರಿಲ್ವಾ ಅಂತ ವಿಚಾರಿಸಿಕೊಂಡು ಹೋದರು.

ಬಂದವನು: ಒಂದು ಕಾಲೇಜು ಮಾತ್ರ ನನಗೆ ಚೆನ್ನಾಗಿ ಗೊತ್ತು. ಇಂಡಿಯಾನಾದ ಪರ್ಡ್ಯೂ. ಮಗ ಅಲ್ಲಿ ಎಂ.ಎಸ್. ಮಾಡಿದ. ಫೀಸಿಗೆ ಸಾಲ ತಗೊಂಡವನು ನಾನು. ಸಾಲ ತೀರೋ ತನಕ ಅದು ನನ್ನ ಕಾಲೇಜೇ.

ಮನೆಯವನು: ತೀರಿತಾ?

ಬಂದವನು: ತೀರಿತು. ಅಭ್ಯಾಸ ಬಿಡಲಿಲ್ಲ. ಅವನನ್ನ ನೋಡೋಕೆ ಅಂತ ಹೋಗಿದ್ದಾಗ ಮ್ಯಾಕಿ ಅರೀನಾಕ್ಕೆ ಕರಕೊಂಡು ಹೋದ. 14,000ಕ್ಕೂ ಹೆಚ್ಚು ಜನ ಕೂರೋ ಜಾಗ ಕಣೋ, ಒಂದು ಕಾಲೇಜಿನ ಒಳಗೆ! ಪಕ್ಕದಲ್ಲಿ ಕೂತಿದ್ದ ಮುದುಕಿಗೆ ಪ್ರತಿ ಹುಡುಗನ ಊರು, ಅಪ್ಪ ಅಮ್ಮ ಎಲ್ಲ ಗೊತ್ತು. ನಾವು ಆಡ್ತಿದ್ದಾಗ ನೋಡೋಕೆ ಯಾರು ಬರ್ತಿದ್ರು ಹೇಳು? ಪಿ.ಟಿ. ಮೇಷ್ಟ್ರು, ಅವರ ಸ್ಕೂಟರು.

ಮನೆಯವನು: ಮತ್ತೆ ಬೆಂಚಿನ ಮೇಲೆ ನಾನು.

ಬಂದವನು: ನೀನು ಬರ್ತಿದ್ದಿದ್ದು ಮ್ಯಾಚ್ ಮುಗಿದ ಮೇಲೆ ಸಿಗ್ತಿದ್ದ ಮಸಾಲೆ ದೋಸೆಗೆ.

ಮನೆಯವನು: ಇರಲಿ. ಆ ನಿನ್ನ ಪರ್ಡ್ಯೂ 2023ರಲ್ಲಿ ಯಾವುದೋ ಪುಟ್ಟ ಕಾಲೇಜಿನ ಕೈಲಿ ಸೋತಾಗ ಒಂದು ವಾರ ನನ್ನ ಫೋನ್ ಎತ್ತಲಿಲ್ಲ. ಜ್ಞಾಪಕ ಇದೆಯಾ?

ಬಂದವನು: ಫೇರ್‌ಲಿ ಡಿಕಿನ್ಸನ್. 63–58. ಮರೆಯೋದು ಹೇಗೆ? ಟೂರ್ನಿ ಶುರುವಾಗಿದ್ದು 1939ರಲ್ಲಿ. ಅಗ್ರ ಶ್ರೇಯಾಂಕದ ತಂಡ 16ನೇ ಶ್ರೇಯಾಂಕದವರಿಗೆ ಸೋತಿದ್ದು ಗಂಡಸರ ಪಂದ್ಯದಲ್ಲಿ ಅದಕ್ಕೆ ಮುಂಚೆ ಒಂದೇ ಸಲ, 2018ರಲ್ಲಿ ವರ್ಜೀನಿಯಾ. 2023ರಲ್ಲಿ ಇಡೀ ಮೊದಲ ದರ್ಜೆ ಕಾಲೇಜುಗಳಲ್ಲೇ ಅತಿ ಕುಳ್ಳರ ತಂಡ ಈ ಫೇರ್‌ಲಿ ಡಿಕಿನ್ಸನ್‌ನವರದು. ನಮ್ಮ ಕಡೆ 7 ಅಡಿ 4 ಅಂಗುಲದ ಝಾಕ್ ಈಡಿ. ಕುಳ್ಳರು ಅವನ ಹಿಂದೊಬ್ಬ ಮುಂದೊಬ್ಬ ನಿಂತು, ಚೆಂಡು ಅವನ ಕೈಗೆ ಸೇರೋದೇ ಕಷ್ಟ ಆಗೋ ಹಾಗೆ ಮಾಡಿಬಿಟ್ಟರು. ನನ್ನ ಹೊಟ್ಟೆ ಉರೀತಾ ಇತ್ತು. ಆದರೆ ಹೇಳ್ತೀನಿ ಕೇಳು, ಅಷ್ಟು ಚೆಂದದ ಡಿಫೆನ್ಸ್ ನಾನು ನೋಡಿಲ್ಲ. ಈ ಟೂರ್ನಿಯ ರುಚಿ ಇರೋದೇ ಅಲ್ಲಿ. ಒಂದು ಸಲ ಸೋತರೆ ಮನೆಗೆ. ಕೊನೇ ವರ್ಷದ ಹುಡುಗನಿಗೆ ಇನ್ನೊಂದು ಅವಕಾಶ ಇಲ್ಲ. ಎನ್‌ಬಿಎ ಫೈನಲ್‌ನಲ್ಲಿ ಏಳು ಆಟದ ತನಕ ಆಡ್ತಾರೆ. ಏಳರಲ್ಲಿ ಕೊನೆಗೆ ದೊಡ್ಡವನೇ ಗೆಲ್ಲೋದು.

ಮನೆಯವನು: ಒಪ್ಪಿದೆ. ಕುಳ್ಳರ ಕಥೆ ಚೆನ್ನಾಗಿದೆ. ಅದನ್ನ ಕಾಲೇಜು ಅಂತ ಕರೀತಾರಲ್ಲ, ನನ್ನ ತಕರಾರು ಅಲ್ಲಿ. ಟೀವಿ ಹಕ್ಕಿಗೇ ವರ್ಷಕ್ಕೆ ಸುಮಾರು 110 ಕೋಟಿ ಡಾಲರ್ ಅಂತ ನೀನೇ ಹೇಳಿದೆ. ಹುಡುಗ ಈ ವರ್ಷ ಒಂದು ಕಾಲೇಜು, ಬರೋ ವರ್ಷ ಇನ್ನೊಂದು. ವಿದ್ಯಾರ್ಥಿ ಅನ್ನೋದು ಅಂಗಿ ಮೇಲಿನ ಅಕ್ಷರ ಅಷ್ಟೆ. ಮುಂಚೆ ಹಣ ಮುಟ್ಟೋ ಹಾಗಿರಲಿಲ್ಲ. ಈಗ ಜಾಹೀರಾತಿನ ದುಡ್ಡು, ಅದರ ಮೇಲೆ ಕಾಲೇಜೇ ಪಾಲು ಕೊಡುತ್ತೆ. ಉಳಿದಿದ್ದೇನು? ಇನ್ನೊಂದು ಎನ್‌ಬಿಎ, ಸ್ವಲ್ಪ ಚಿಕ್ಕ ಹುಡುಗರದು.

ಬಂದವನು: ಹಣ ಮುಟ್ಟೋ ಹಾಗಿಲ್ಲ ಅಂದಾಗ ಅದು ಶುದ್ಧವಾಗಿತ್ತು ಅಂತೀಯಾ? ಕೋಚ್‌ಗೆ ಕೋಟಿಗಟ್ಟಲೆ, ಕಾಲೇಜಿಗೆ ಅದಕ್ಕಿಂತ ಹೆಚ್ಚು, ಬೆವರು ಸುರಿಸಿದ ಹುಡುಗನಿಗೆ ಊಟ, ಹಾಸ್ಟೆಲು, ಫೀಸು ಮಾಫಿ. ಆ ಕಟ್ಟು ಮುರಿದಿದ್ದು 2021ರ ಜುಲೈನಲ್ಲಿ. ಅಲ್ಲಿ ತನಕ ಇದ್ದ ಶುದ್ಧಿ ಯಾರ ಜೇಬು ತುಂಬಿಸ್ತಿತ್ತು?

ಮನೆಯವನು: ಆದರೂ ಒಂದು ಹದ ಇರುತ್ತಲ್ಲಯ್ಯ. ಆಟದ ಹುಡುಗ ಬೆಳಿಗ್ಗೆ ನಮ್ಮ ಪಕ್ಕದ ಬೆಂಚಿನಲ್ಲೇ ಕೂತು ಇಂಟರ್ನಲ್ಸ್ ಬರೀತಿದ್ದ. ಸಂಜೆ ಅವನೇ ಚೆಂಡು ಹಿಡಿದಾಗ ನಮಗೆ ರೋಮಾಂಚನ. ಹಣ ಬಂದ ಮೇಲೆ...

ಬಂದವನು: ಹಣ ಬಂದ ಮೇಲೆ ಏನು? ನಾನು ಚೆಂಡು ಹಿಡಿದು ಬ್ಯಾಂಕ್ ಸೇರಿದವನು ಕಣೋ. ಬಿ.ಕಾಂ.ನಲ್ಲಿ ನನ್ನ ಮಾರ್ಕ್ಸ್ ನಿನಗೆ ಗೊತ್ತು. ಸ್ಪೋರ್ಟ್ಸ್ ಕೋಟಾ ಇಲ್ಲದೇ ಹೋಗಿದ್ದರೆ ಅಪ್ಪನ ಕಿರಾಣಿ ಅಂಗಡೀಲಿ ಪೊಟ್ಟಣ ಕಟ್ಟಿಕೊಂಡು ಇರ್ತಿದ್ದೆ. ನಮ್ಮ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಅಂದ್ರೆ ಅವತ್ತೂ ಕೆಲಸ, ಇವತ್ತೂ ಕೆಲಸ. ನಿಮ್ಮ ಊರಲ್ಲಿ ಐಸಿಎಫ್, ಸದರ್ನ್ ರೈಲ್ವೆ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್. ಬೆಂಗಳೂರಲ್ಲಿ ವಿಜಯಾ ಬ್ಯಾಂಕ್ ತಂಡ ಇತ್ತು. 2019ರಲ್ಲಿ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾ ಒಳಗೆ ಹೋಯಿತು. ಬ್ಯಾಂಕು ವಿಲೀನ ಆದಾಗ ಪೇಪರಿನವರು ಶಾಖೆ, ಷೇರು ಎಲ್ಲ ಬರೆದರು. ಹದಿನೆಂಟು ವರ್ಷದ ಹುಡುಗನಿಗೆ ಬಡ್ತಿ ಸಮೇತ ಕಾಣ್ತಿದ್ದ ಒಂದು ಬಾಗಿಲು ಹೆಸರು ಕಳಕೊಂಡಿತು ಅಂತ ಯಾರೂ ಬರೀಲಿಲ್ಲ. ಆಟಕ್ಕೆ ಸಂಬಳ ಅಂದ್ರೆ ನಿನಗೆ ಮೈಲಿಗೆ. ನನಗೆ ಅದು ಮನೆ ಬಾಡಿಗೆ.

ಇಲ್ಲಿ ಮನೆಯವನು ಸುಮ್ಮನಾದ. ಅವನು ಸುಮ್ಮನಾಗಬೇಕಾದ್ದೇ ಅಂತ ನನಗೂ ಅನ್ನಿಸುತ್ತದೆ. ಬೆಂಚಿನ ಮೇಲೆ ಕೂತವರಿಗೆ ಆಟದ ಶುದ್ಧಿಯ ಚಿಂತೆ ಯಾವಾಗಲೂ ಸ್ವಲ್ಪ ಜಾಸ್ತಿ. ಆದರೆ ಅವನ ಬತ್ತಳಿಕೆ ಖಾಲಿಯಾಗಿರಲಿಲ್ಲ.

ಮನೆಯವನು: ಸರಿ, ದುಡ್ಡಿನ ಮಾತು ಬಿಟ್ಟೆ. ದೂರದ ಮಾತಿಗೆ ಬರ್ತೀನಿ. ಈ ಆಟ ಹುಟ್ಟಿದ್ದು 1891ರಲ್ಲಿ, ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ವೈಎಂಸಿಎ ತರಬೇತಿ ಶಾಲೆ, ಚಳಿಗಾಲ, ಹೊರಗೆ ಹೋಗೋಕಾಗದೆ ರೇಗ್ತಿದ್ದ ಹದಿನೆಂಟು ಹುಡುಗರ ಕ್ಲಾಸು. ಜೇಮ್ಸ್ ನೈಸ್ಮಿತ್ ಅನ್ನೋ ಮೇಷ್ಟ್ರು ಗೋಡೆಗೆ ಎರಡು ಪೀಚ್ ಹಣ್ಣಿನ ಬುಟ್ಟಿ ಹೊಡೆಸಿ, 13 ನಿಯಮ ಟೈಪ್ ಮಾಡಿಸಿ ಅಂಟಿಸಿದ. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಮದರಾಸಿಗೆ ಬಂದು 1920ರಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದ. ಇಡೀ ಏಷ್ಯಾಕ್ಕೆ ಅಂಥದ್ದು ಮೊದಲನೇದು. ನಮಗೆ ಲೇಅಪ್ ಹೇಳಿಕೊಟ್ಟ ಪಿ.ಟಿ. ಮೇಷ್ಟ್ರು ಎಲ್ಲಿ ಓದಿದ್ದು?

ಬಂದವನು: ಇಲ್ಲೇ. ನಂದನದಲ್ಲಿ. ಮಾತೆತ್ತಿದರೆ ಹೇಳೋರು.

ಮನೆಯವನು: ಆ ನಂದನ ಗಿಂಡಿಯಿಂದ ಮೂರನೇ ಸ್ಟೇಷನ್. ಲಿಟಲ್ ಮೌಂಟ್, ಸೈದಾಪೇಟೆ, ನಂದನಂ. ನಿನ್ನೆ ಸೆಂಟ್ರಲ್‌ನಿಂದ ಮೆಟ್ರೊದಲ್ಲಿ ಬರೋವಾಗ ಅದರ ಕೆಳಗೇ ಹಾದು ಬಂದೆ, ಫೋನ್ ನೋಡಿಕೊಂಡು. ನಿನಗೆ ಚೆಂಡು ಹಿಡಿಯೋಕೆ ಹೇಳಿಕೊಟ್ಟವರ ಗುರುಮನೆ ದಾಟಿ ಬಂದು, ಇಲ್ಲಿ ಪರ್ಡ್ಯೂ ಅಂತೀಯ.

ಬಂದವನು: ಭಾಷಣ ಚೆನ್ನಾಗಿದೆ. ನೀನು ಅಲ್ಲಿಗೆ ಹೋಗಿದ್ದು ಯಾವಾಗ?

ಮನೆಯವನು: ಹೋಗ್ತಾ ಇರ್ತೀನಿ.

ಬಂದವನು: ಯಾವಾಗ?

ಮನೆಯವನು: ಸಂಜೆ ವಾಕಿಂಗ್ ಆ ಕಡೆ ಹೋದಾಗ.

ಬಂದವನು: ಗಿಂಡಿಯಿಂದ ನಂದನದ ತನಕ ವಾಕಿಂಗ್! ನಿನ್ನ ಮೊಣಕಾಲಿಗೆ! ಹೋಗಲಿ, ಮನೆ ಹತ್ತಿರದ ಎಂಜಿನಿಯರಿಂಗ್ ಕಾಲೇಜು? 1794ರಲ್ಲಿ ಸರ್ವೆ ಶಾಲೆಯಾಗಿ ಹುಟ್ಟಿದ್ದು ಅಂತ ಬಂದೋರಿಗೆಲ್ಲ ತೋರಿಸ್ತೀಯ. ಅದರ ತಂಡದ ಒಬ್ಬ ಹುಡುಗನ ಹೆಸರು ಹೇಳು.

ಮನೆಯವನು: ವೆಂಕಟರಾಘವನ್. ಶ್ರೀಕಾಂತ್.

ಬಂದವನು: ಕ್ರಿಕೆಟ್! ಅವರಿಬ್ಬರೂ ಓದು ಮುಗಿಸಿ ಯಾವ ಕಾಲ ಆಯ್ತು. ಬ್ಯಾಸ್ಕೆಟ್‌ಬಾಲ್ ಕೇಳಿದೆ ನಾನು.

ಮನೆಯವನು: ಗೊತ್ತಿಲ್ಲ. ಗೊತ್ತಾಗೋದು ಹೇಗೆ ಹೇಳು? ಪಂದ್ಯ ಇದೆ ಅಂತ ಒಂದು ಬೋರ್ಡ್ ಹಾಕಲ್ಲ. ಒಂದು ಕ್ಯಾಂಪಸ್ಸಿಗೆ ಹೋದರೆ ಗೇಟಿನಲ್ಲಿ ಐಡಿ ಕೇಳಿದರು. ಮ್ಯಾಚ್ ನೋಡೋಕೆ ಬಂದೆ ಅಂದೆ. ಯಾವ ಹುಡುಗನ ಅಪ್ಪ ಸಾರ್ ನೀವು ಅಂದ. ಯಾರ ಅಪ್ಪನೂ ಅಲ್ಲ ಅಂದದ್ದಕ್ಕೆ ನನ್ನನ್ನ ಮೇಲಿಂದ ಕೆಳಗೆ ನೋಡಿದ. ಬರೀ ಆಟ ನೋಡೋಕೆ ಒಬ್ಬ ಮುದುಕ ಬರಬಹುದು ಅನ್ನೋದು ಅವನ ರಿಜಿಸ್ಟರಿನಲ್ಲಿ ಇಲ್ಲ.

ಬಂದವನು: ಪರ್ಡ್ಯೂನಲ್ಲಿ ಆ ಮುದುಕಿ ಯಾರ ಅಮ್ಮನೂ ಅಲ್ಲ. ನಾನು ಹೇಳ್ತಿರೋದೂ ಇದೇ ಮಾರಾಯ. ನೋಡೋರಿಗೆ ಜಾಗ ಇಟ್ಟಿದ್ದಾರೆ ಅವರು. ನಾವು ಆಡೋರಿಗೆ ಮಾತ್ರ ಸಿಮೆಂಟ್ ಹಾಕಿದ್ದೀವಿ.

ಮನೆಯವನು: ಜಾಗ ಇಟ್ಟು ಟಿಕೆಟ್ ಮಾರಿದ್ದಾರೆ ಅನ್ನು. ನಮ್ಮಲ್ಲೂ ಇಲ್ಲದೇ ಇಲ್ಲ. ಲೊಯೋಲಾ ಕಾಲೇಜಿನ ಬರ್ಟ್ರಮ್ ಸ್ಮಾರಕ ಪಂದ್ಯಗಳಿಗೆ ಬಾ ಅಂತ ಎಷ್ಟು ಸಲ ಕರೆದೆ! ಬರಲಿಲ್ಲ. ಇನ್ನು ಅಂತರ ವಿಶ್ವವಿದ್ಯಾಲಯ ದಕ್ಷಿಣ ವಲಯ. ಮೈಸೂರು, ಮದ್ರಾಸ್, ಕ್ಯಾಲಿಕಟ್ ಎಲ್ಲ ಒಂದೇ ಕಣದಲ್ಲಿ. ಅಲ್ಲೂ ನಾಕೌಟ್ ಇದೆ, ಅಲ್ಲೂ ಸೋತರೆ ರಾತ್ರಿ ರೈಲು. ವಲಯದಲ್ಲಿ ಮೇಲೆ ಬಂದ ನಾಲ್ಕು ತಂಡ ಅಖಿಲ ಭಾರತಕ್ಕೆ ಹೋಗುತ್ತೆ. ಕುಳ್ಳರು ಉದ್ದದವರನ್ನ ಹೊಡೆಯೋ ಕಥೆ ಅಲ್ಲೂ ನಡೀತಿರುತ್ತೆ ಕಣೋ. ಕ್ಯಾಮೆರಾ ಇಲ್ಲ ಅಷ್ಟೆ.

ಬಂದವನು: ಮಾರ್ಚ್‌ನಲ್ಲಿ ಯಾವುದಿದೆ?

ಮನೆಯವನು: ಮಾರ್ಚ್‌ನಲ್ಲಿ ಪರೀಕ್ಷೆ.

ಬಂದವನು: ನೋಡಿದೆಯಾ! ಇಲ್ಲದ ಆಟಕ್ಕೆ ನನ್ನನ್ನ ಕರೀತಿದ್ದೀಯ. ಇರೋ ಆಟ ನೋಡಬೇಡ ಅಂತೀಯ. ಇನ್ನೊಂದು ಕೇಳು. ದೂರ ದೂರ ಅಂತೀಯಲ್ಲ, ಬೆಂಗಳೂರಿನ ಹುಡುಗಿ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವಳು. ನಮ್ಮೂರ ಕೋರ್ಟುಗಳಲ್ಲಿ ಬೆಳೆದ ಮಗು ಆ ಅಂಗಿ ಹಾಕಿಕೊಂಡು ನಿಂತ ದಿನ, ಅದು ಯಾರದೋ ಕಾಲೇಜು ಅನ್ನೋ ನಿನ್ನ ವಾದದ ಅರ್ಧ ಬಿದ್ದುಹೋಯಿತು.

ಮನೆಯವನು: ಹುಡುಗಿಯರ ಮಾತು ತೆಗೆದೆಯಲ್ಲ, ಈಗ ನನ್ನ ಸರದಿ. 2017ರ ಜುಲೈ, ಬೆಂಗಳೂರಿನ ಕಂಠೀರವ ಒಳಾಂಗಣ. ಏಷ್ಯಾ ಕಪ್ ಡಿವಿಷನ್ ಬಿ ಫೈನಲ್. ನಮ್ಮ ಹೆಂಗಸರು ಕಜಕಿಸ್ತಾನವನ್ನ 75–73ಕ್ಕೆ ಹೊಡೆದರು. ಎರಡೇ ಎರಡು ಪಾಯಿಂಟ್! ಮೈಸೂರಿಂದ ಮೂರು ಗಂಟೆ ದಾರಿ. ಹೋಗಿದ್ದೆಯಾ?

ಬಂದವನು: ಇಲ್ಲ. ನೀನು?

ಮನೆಯವನು: ನಾನು ಇಲ್ಲಿದ್ದೆ.

ಬಂದವನು: ರೈಲಿರಲಿಲ್ವಾ?

ಮನೆಯವನು: ಇಬ್ಬರೂ ಹೋಗಲಿಲ್ಲ ಅಂತ ಬರಕೋ. ಚೆನ್ನೈನಲ್ಲೇ ಹುಟ್ಟಿ ಬೆಳೆದ ಅನಿತಾ ಪಾಲ್‌ದುರೈ ಭಾರತ ತಂಡದ ಕ್ಯಾಪ್ಟನ್ ಆಗಿದ್ದವಳು. 2021ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಿಗೂ ಅವಳು ಯಾರು ಅಂತ ಗೊತ್ತಿರಲಿಲ್ಲ. ನಾನು ಹೇಳಿದೆ. ಓ, ಎಷ್ಟು ಎತ್ತರ ಇದ್ದಾಳೆ ಅಂತ ಕೇಳಿದರು.

ಬಂದವನು: ಅಮೆರಿಕದಲ್ಲೂ ಹೆಂಗಸರ ಆಟಕ್ಕೆ ಮೊನ್ನೆ ಮೊನ್ನೆ ತನಕ ಇದೇ ಗತಿ. ಆಮೇಲೆ ಅಯೋವಾ ಕಾಲೇಜಿನ ಕೇಟ್ಲಿನ್ ಕ್ಲಾರ್ಕ್ ಬಂದಳು. 2024ರ ಫೈನಲ್‌ನಲ್ಲಿ ಅವಳ ತಂಡ ಸೌತ್ ಕ್ಯಾರೊಲಿನಾಗೆ ಸೋತಿತು. ಆದರೆ ಅದನ್ನ ಟೀವೀಲಿ ನೋಡಿದವರು ಸುಮಾರು 1.9 ಕೋಟಿ ಜನ. ಅದೇ ವರ್ಷದ ಗಂಡಸರ ಫೈನಲ್ ನೋಡಿದವರು ಒಂದೂವರೆ ಕೋಟಿಗೂ ಕಡಿಮೆ. ಗಂಡಸರ ಫೈನಲ್ ಆಡಿದ್ದು ನನ್ನ ಪರ್ಡ್ಯೂ, ಅದು ಬೇರೆ ಹೊಟ್ಟೆಉರಿ. ನೋಡೋ ಅಭ್ಯಾಸ ಇದ್ದರೆ ತಾನೆ ಕಣೋ ಒಬ್ಬ ಹುಡುಗಿ ಬಂದಾಗ ಕಣ್ಣು ಅತ್ತ ತಿರುಗೋದು? ನೋಡೋ ಅಭ್ಯಾಸವೇ ಇಲ್ಲದ ಊರಲ್ಲಿ ಕ್ಲಾರ್ಕ್ ಹುಟ್ಟಿದರೂ ಕ್ಲರ್ಕ್ ಆಗ್ತಾಳೆ.

ಮನೆಯವನು: ನಿನ್ನ ಹಾಗೆ.

ಬಂದವನು: ನನ್ನ ಹಾಗೆ. ಆಮೇಲೆ ಆಫೀಸರ್ ಆದೆ, ಅದೂ ಹೇಳು.

ಅಷ್ಟರಲ್ಲಿ ಒಳಗಿನಿಂದ ಮನೆಯಾಕೆ ಹುರಿದ ಕಡಲೆಬೀಜ ತಂದಿಟ್ಟು, ರಾತ್ರಿ ಅಷ್ಟು ಹೊತ್ತು ಇಬ್ಬರೂ ಸರಿಯಾಗಿ ಒಂದು ಮಾತೂ ಆಡದೆ ಪರದೆ ನೋಡ್ತಾ ಕೂತಿದ್ದಿರಿ, ಇದಕ್ಕಾ ಅಣ್ಣ ನೀವು ಅಷ್ಟು ದೂರದಿಂದ ಬಂದಿದ್ದು ಅಂತ ನಗುತ್ತಲೇ ಕೇಳಿ ಹೋದರು. ಉತ್ತರಕ್ಕೆ ಕಾಯಲಿಲ್ಲ. ನನಗೆ ಕೇಳಿದರೆ, ಮಧ್ಯಾಹ್ನದ ಸರಿಯಾದ ಪ್ರಶ್ನೆ ಅದೊಂದೇ.

ಮನೆಯವನು: ಹೇಳಪ್ಪ. 500 ಕಿಲೋಮೀಟರ್ ರೈಲು ಹತ್ತಿ ಬಂದು, ನಿಮ್ಮ ಮನೇಲೇ ನೋಡಬಹುದಾಗಿದ್ದನ್ನ ಅದೇ ಲ್ಯಾಪ್‌ಟಾಪಿನಲ್ಲಿ ನೋಡಿದೆ. ನಾನು ಬೇಕಾಗಿದ್ದು ಯಾಕೆ?

ಬಂದವನು: ಡಿಸೆಂಬರ್‌ನಲ್ಲಿ ಮೈಲಾಪುರದ ಕಚೇರಿ ಕೇಳೋಕೆ ಅಂತ ನಿನ್ನ ಷಡ್ಡಕ ಬಂದು ಇದೇ ರೂಮಲ್ಲಿ ಉಳಕೋತಾನಲ್ಲ, ಅವನನ್ನ ಕೇಳ್ತೀಯಾ? ಅವನೂ ಮೂರು ಗಂಟೆ ಬಾಯಿ ಮುಚ್ಚಿಕೊಂಡು ಕೂರ್ತಾನೆ, ನೀನೂ ಪಕ್ಕದಲ್ಲಿ ಕೂರ್ತೀಯ. ಅದಕ್ಕೆ ರಸಿಕತೆ ಅಂತ ಹೆಸರು. ನಾವು ಕೂತರೆ ಹುಚ್ಚಾ?

ಮನೆಯವನು: ಅಲ್ಲಿ ರಾಗ ಮುಗಿದ ಮೇಲೆ ಮಾತಾಡ್ತೀವಿ. ನಿನ್ನ ಆಟ ಮುಗಿಯೋದೇ ಇಲ್ಲ. ಒಂದು ಮುಗಿಯೋ ಹೊತ್ತಿಗೆ ಇನ್ನೆರಡು ಶುರು. ನೋಡು, ನಿನ್ನ ಕಣ್ಣಿನ ಆಪರೇಷನ್ ಆದ ವಿಷಯ ನಿನ್ನೆ ರಾತ್ರಿ ಟೈಮ್‌ಔಟ್‌ನಲ್ಲಿ ಹೇಳಿದೆ. ನಾನು ಯಾವ ಕಣ್ಣು ಅಂತ ಕೇಳೋದರೊಳಗೆ ಚೆಂಡು ಒಳಗೆ ಬಂದಿತ್ತು.

ಬಂದವನು: ಎಡಗಣ್ಣು.

ಮನೆಯವನು: ಇದನ್ನ ಈಗ ಹೇಳ್ತೀಯ.

ಬಂದವನು: ಫೋನಿನಲ್ಲಿ ಹೇಳೋಕೆ ಆಗಿರಲಿಲ್ಲ. ಎದುರು ಬದುರು ಕೂರಿಸಿ, ಹೇಗಿದ್ದೀಯೋ ಅಂತ ನೀನು ಕೇಳಿದ್ದರೆ, ಚೆನ್ನಾಗಿದ್ದೀನಿ ಅಂದು ಮುಗಿಸ್ತಿದ್ದೆ. ಇಬ್ಬರೂ ಬೇರೆ ಏನನ್ನೋ ನೋಡ್ತಿರೋವಾಗ ಬಾಯಿಗೆ ಬಂತು. ಮೂವತ್ತು ಸೆಕೆಂಡಿನ ಟೈಮ್‌ಔಟ್‌ಗೆ ಹಿಡಿಯೋ ಅಷ್ಟು ಮಾತಿಗೆ ಮೂವತ್ತು ಸೆಕೆಂಡೇ ಸಾಕು.

ಮನೆಯವನು: ಅದು ನಿನ್ನ ಲೆಕ್ಕ. ನನಗೆ ಸಾಲಲಿಲ್ಲ. ಗೆಳೆಯನ ಮನೆಗೆ ಎರಡು ದಿನ ಬಂದು, ಮಾತಿಗೆ ಇನ್ನೊಂದು ದೇಶದ ಹುಡುಗರ ಆಟದ ಮರೆ ಬೇಕು ಅಂದ್ರೆ ಅದು ನಮ್ಮ ಬಡತನ ಕಣೋ. ಬಡತನ ಅಲ್ಲ ಅಂತ ಸಾಧಿಸಬೇಡ.

ಬಂದವನು: ಸಾಧಿಸಲ್ಲ. ಆದರೆ ಮರೆ ಇಲ್ಲದೇ ಇದ್ದಾಗ ನಾವು ಯಾವತ್ತು ಮಾತಾಡಿದ್ವಿ? ಹಾಸ್ಟೆಲಿನಲ್ಲೂ ಇಸ್ಪೀಟಿತ್ತು.

ಮನೆಯವನು: ಇವತ್ತು ಸಂಜೆ ನಂದನಕ್ಕೆ ಹೋಗೋಣ. ಪಂದ್ಯ ಇರಲ್ಲ. ಹುಡುಗರು ಸುಮ್ಮನೆ ಆಡ್ತಿದ್ದರೆ ನೋಡೋಣ. ಆಡ್ತಿಲ್ಲದಿದ್ದರೆ ರಿಂಗ್ ನೋಡಿಕೊಂಡು ಬರೋಣ, ಅದೇ 3.05 ಮೀಟರ್. ಅದು ಎರಡೂ ದೇಶದಲ್ಲಿ ಒಂದೇ.

ಬಂದವನು: ಒಳಗೆ ಬಿಡ್ತಾರಾ?

ಮನೆಯವನು: ಹಳೇ ವಿದ್ಯಾರ್ಥಿಯ ಶಿಷ್ಯ ಅಂತ ನಿನ್ನನ್ನ ಮುಂದೆ ಬಿಡ್ತೀನಿ.

ಬಂದವನು: ಬರ್ತೀನಿ. ಆದರೆ 9:45ಕ್ಕೆ ವಾಪಸ್. ಈ ರಾತ್ರಿ ಎರಡನೇ ಸುತ್ತು. ನೀನು ಈ ಆಟಾನ ಎಷ್ಟು ಬೈದರೂ ಒಂದು ಮಾತು ಹೇಳ್ತೀನಿ. ಇದನ್ನ ಕಂಡುಹಿಡಿದ ನೈಸ್ಮಿತ್ ಆಮೇಲೆ ಕ್ಯಾನ್ಸಸ್ ಕಾಲೇಜಿಗೆ ಕೋಚ್ ಆದ. 55 ಗೆದ್ದು 60 ಸೋತ. ಆ ಕಾಲೇಜಿನ ಚರಿತ್ರೆಯಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾದ ಕೋಚ್ ಅವನೊಬ್ಬನೇ. ಆಟ ಕಂಡುಹಿಡಿದವನಿಗೇ ಗೆಲುವು ಅಷ್ಟು ಮುಖ್ಯ ಆಗಿರಲಿಲ್ಲ.

ಮನೆಯವನು: ಇಲ್ಲ, ಅವನಿಗೆ ನಿನ್ನಂಥ ಆಟಗಾರರು ಸಿಕ್ಕಿರಬೇಕು. ಆಯ್ತು, ರಾತ್ರಿ ಕೂರ್ತೀನಿ. ಒಂದು ಷರತ್ತು. ಕಾಮೆಂಟರಿ ಮ್ಯೂಟ್.

ಬಂದವನು: ಮ್ಯೂಟ್ ಮಾಡಿದರೆ ನಿನ್ನ ಮಾತು ಕೇಳಬೇಕಾಗುತ್ತೆ.

ಮನೆಯವನು: ಕೇಳು.

ಬಂದವನು: ಮೊದಲರ್ಧಕ್ಕೆ ಮಾತ್ರ.

ಮನೆಯವನು: ಕಾಲೇಜು ಆಟದಲ್ಲಿ ಅರ್ಧ ಅಂದ್ರೆ 20 ನಿಮಿಷ ತಾನೆ? ಮೋಸ.

ಬಂದವನು: ಫೌಲು, ಟೈಮ್‌ಔಟು, ಜಾಹೀರಾತು ಎಲ್ಲ ಸೇರಿಸು, ಮುಕ್ಕಾಲು ಗಂಟೆ ಆಗುತ್ತೆ. ಅಷ್ಟರಲ್ಲಿ ನಿನಗೆ ಹೇಳೋಕೆ ಏನೂ ಉಳಿಯಲ್ಲ ನೋಡು.

ಮನೆಯವನು: ಬಲಗಣ್ಣಿನ ಆಪರೇಷನ್ ಯಾವಾಗ?

ಬಂದವನು: ಮೊದಲರ್ಧಕ್ಕೆ ಅಂದೆನಲ್ಲ. ಈಗ ಕಾಫಿ ಎಲ್ಲಿ?